ಹಿಮದ ನೆಲಕ್ಕೆ ಕಡಲಹಕ್ಕಿ ಹಾಕುವ ಗೊಬ್ಬರ

ಭೂಮಿಯ ಎರಡು ಧ್ರುವಗಳ ಸುತ್ತಣ ನೆಲದ ಮಾತು ಬಂದಾಗ ಚಳಿಯೇ ಅಲ್ಲಿನ ಜೀವಕ್ಕೆ ಮೊದಲ ಶತ್ರುವೆಂದು ಭಾವಿಸುವುದು ವಾಡಿಕೆಯಾದರೂ, ಆ ಮಣ್ಣಿನೊಳಗೆ ಬದುಕುವ, ಬರಿಗಣ್ಣಿಗೆ ಕಾಣದ ಜೀವಿಗಳ ಮಟ್ಟಿಗೆ ಚಳಿಯಷ್ಟೇ ಕಠಿಣವಾದ ಇನ್ನೆರಡು ಕೊರತೆಗಳಿವೆ: ಹೆಪ್ಪುಗಟ್ಟದೆ ಹರಿಯುವ ನೀರು ವರ್ಷದ ಕೆಲವು ವಾರಗಳಲ್ಲಿ ಮಾತ್ರ ಸಿಗುತ್ತದೆ, ಆಹಾರವಂತೂ ಆ ವಾರಗಳಲ್ಲಿಯೂ ಸಿಗುವ ಭರವಸೆಯಿಲ್ಲ. ಅಂಟಾರ್ಕ್ಟಿಕಾದ ವಿಸ್ತಾರ ಸುಮಾರು 1.4 ಕೋಟಿ ಚದರ ಕಿಲೋಮೀಟರ್. ಅದರಲ್ಲಿ ಹಿಮದ ಹೊದಿಕೆಯಿಲ್ಲದ ನೆಲ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಆ ಅಲ್ಪ ನೆಲದಲ್ಲಿ ಇರುವುದು ಹೊಲಗದ್ದೆಗಳ ಮಣ್ಣಿನಂಥದ್ದಲ್ಲ. ಒಡೆದ ಬಂಡೆಯ ಚೂರು, ಮರಳು, ಮೇಲಕ್ಕೆ ಬಂದು ಬಿಳಿಚಿದ ಉಪ್ಪು ಇವೇ ಹೆಚ್ಚಿನ ಪಾಲು, ಎಲೆ ಕೊಳೆತು ಸೇರಿದ ಸಾವಯವ ಅಂಶವೆಂಬುದು ಬಹುತೇಕ ಇಲ್ಲವೇ ಇಲ್ಲ. ಮಕ್‌ಮರ್ಡೋ ಒಣಕಣಿವೆಗಳ ಇಂತಹ ನೆಲದಲ್ಲಿ ಆಹಾರ ಸರಪಳಿಯ ಮೇಲ್ತುದಿಯಲ್ಲಿ ಹುಲಿಯಾಗಲಿ ಹದ್ದಾಗಲಿ ಇರುವುದಿಲ್ಲ. ಅಲ್ಲಿರುವುದು ಒಂದು ಮಿಲಿಮೀಟರ್ ಉದ್ದವೂ ಇರದ ನೆಮಟೋಡ್ ಎಂಬ ದುಂಡುಹುಳು.

ಈ ಬಡತನಕ್ಕೆ ಕಾರಣ ಹುಡುಕಿದರೆ ಸಾರಜನಕ ಮತ್ತು ರಂಜಕ ಎಂಬ ಎರಡು ಮೂಲಧಾತುಗಳ ಬಳಿಗೆ ಬರಬೇಕಾಗುತ್ತದೆ. ಪ್ರೋಟೀನು ಕಟ್ಟಲು ಸಾರಜನಕ ಬೇಕು, ವಂಶವಾಹಿಯ ಎಳೆ ಹೆಣೆಯಲು ರಂಜಕ ಬೇಕು. ರೈತರು ಯೂರಿಯಾ ಮತ್ತು ಡಿಎಪಿ ಎಂಬ ಹೆಸರಿನಲ್ಲಿ ಚೀಲಗಟ್ಟಲೆ ಕೊಂಡು ಹಾಕುವುದು ಇವನ್ನೇ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಆಗಿದ್ದರೂ ಅದನ್ನು ಹಿಡಿದು ಬಳಕೆಗೆ ತರಬಲ್ಲ ಸೂಕ್ಷ್ಮಜೀವಿಗಳು ಚಳಿಯಲ್ಲಿ ಬಹಳ ನಿಧಾನವಾಗಿ ದುಡಿಯುತ್ತವೆ, ರಂಜಕವಾದರೋ ಬಂಡೆಯೊಳಗೆ ಸೆರೆಯಾಗಿ ಉಳಿದಿರುತ್ತದೆ. ಆದರೆ ಇದೇ ಬರಡು ದಂಡೆಗೆ ಅಲೆ ಬಡಿಯುವ ದಕ್ಷಿಣ ಮಹಾಸಾಗರ ಜಗತ್ತಿನ ಅತ್ಯಂತ ಫಲವತ್ತಾದ ಕಡಲುಗಳಲ್ಲೊಂದು ಎಂಬುದನ್ನು ಗಮನಿಸಬೇಕು. ಬೇಸಗೆಯಲ್ಲಿ ಸೂರ್ಯ ಮುಳುಗದ ದಿನಗಳಲ್ಲಿ ಅಲ್ಲಿ ಸಸ್ಯಪ್ಲವಕಗಳು ಉಕ್ಕಿ ಬೆಳೆಯುತ್ತವೆ, ಅವನ್ನು ಕ್ರಿಲ್ ಎಂಬ ಸಿಗಡಿಯಂಥ ಜೀವಿ ತಿನ್ನುತ್ತದೆ, ಕ್ರಿಲ್ಲನ್ನು ಹಕ್ಕಿ, ಸೀಲ್, ತಿಮಿಂಗಿಲಗಳು ತಿನ್ನುತ್ತವೆ. ಒಂದೆಡೆ ಸಮೃದ್ಧ ಕಡಲು, ಅದಕ್ಕೆ ತಾಗಿಯೇ ಹಸಿದ ನೆಲ. ಇವೆರಡರ ನಡುವಿನ ಗೋಡೆಯನ್ನು ವರ್ಷವರ್ಷವೂ ದಾಟುವ ಮುಖ್ಯ ಸಾಗಣೆಗಾರರು ಕಡಲಹಕ್ಕಿಗಳು. ಅವು ಸಾಗಿಸುವ ಸರಕು ಹಿಕ್ಕೆ. ಧ್ರುವಪ್ರದೇಶದ ಮಣ್ಣಿನ ಜೀವಲೋಕವನ್ನು ಬಹುಮಟ್ಟಿಗೆ ಕಡಲಿನ ವಿಸ್ತರಣೆಯೆಂದೇ ಓದಬೇಕು. ನೆಲದ ಲೆಕ್ಕವನ್ನು ನೆಲದ ಮೇಲೆ ಮಾತ್ರ ಹಿಡಿದರೆ ಅದು ಎಂದಿಗೂ ಸರಿಹೊಂದುವುದಿಲ್ಲ.

ಈ ಸಾಗಣೆಯನ್ನು ಸ್ಪಷ್ಟವಾಗಿ ನೋಡಬಹುದಾದ ಜಾಗಗಳಲ್ಲಿ ರಾಸ್ ಸಮುದ್ರದ ರಾಸ್ ದ್ವೀಪ ಮುಖ್ಯವಾದುದು. ಎರೆಬಸ್ ಎಂಬ ಜೀವಂತ ಜ್ವಾಲಾಮುಖಿಯನ್ನು ಹೊತ್ತ ಈ ದ್ವೀಪದ ಕೇಪ್ ಬರ್ಡ್, ಕೇಪ್ ರಾಯ್ಡ್ಸ್, ಕೇಪ್ ಕ್ರೋಜಿಯರ್ ಎಂಬ ಮೂರು ಭೂಶಿರಗಳಲ್ಲಿ ಅಡೇಲಿ ಪೆಂಗ್ವಿನ್‌ಗಳು ಪ್ರತಿ ಬೇಸಗೆಯಲ್ಲಿ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಇಂತಹ ಸಾಮೂಹಿಕ ತಾಣವನ್ನು ಗೂಡುನೆಲೆ ಎಂದು ಕರೆಯಬಹುದು. ಕೇಪ್ ಕ್ರೋಜಿಯರಿನದು ಲಕ್ಷಕ್ಕೂ ಹೆಚ್ಚು ಜೋಡಿಗಳ ದೊಡ್ಡ ನೆಲೆ. ಕೇಪ್ ರಾಯ್ಡ್ಸಿನದು ಕೆಲವೇ ಸಾವಿರ ಜೋಡಿಗಳ ಸಣ್ಣ ನೆಲೆಯಾದರೂ ಅಡೇಲಿ ಪೆಂಗ್ವಿನ್‌ಗಳು ಮರಿಮಾಡುವ ಅತ್ಯಂತ ದಕ್ಷಿಣದ ಜಾಗವೆಂಬ ಹೆಸರು ಅದಕ್ಕಿದೆ. ಚಕ್ರವರ್ತಿ ಪೆಂಗ್ವಿನ್ ಕಡಲಹಿಮದ ಮೇಲೆ ಮೊಟ್ಟೆಯಿಟ್ಟರೆ ಅಡೇಲಿಗೆ ಹಿಮವಿಲ್ಲದ ಒಣನೆಲವೇ ಆಗಬೇಕು, ಏಕೆಂದರೆ ಅದು ಬೆಣಚುಕಲ್ಲುಗಳನ್ನು ಕೊಕ್ಕಿನಲ್ಲಿ ಹೆಕ್ಕಿ ತಂದು ಗೂಡಿನ ಕಟ್ಟೆ ಕಟ್ಟುತ್ತದೆ. ಅಕ್ಟೋಬರಿನಲ್ಲಿ ಬಂದು ಫೆಬ್ರವರಿಯ ಹೊತ್ತಿಗೆ ಹೊರಡುವ ಈ ಹಕ್ಕಿಗಳು, ಅಂದರೆ, ಮಣ್ಣಿನ ಜೀವಿಗಳಿಗೆ ನೀರು ಸಿಗುವ ಅದೇ ಕೆಲವು ವಾರಗಳಲ್ಲಿ ಅಲ್ಲಿರುತ್ತವೆ. ನೀರೂ ಗೊಬ್ಬರವೂ ಒಂದೇ ಹೊತ್ತಿಗೆ ಒದಗುವ ಈ ಹೊಂದಾಣಿಕೆಯಿಂದಲೇ ಅಷ್ಟು ಕಿರಿದಾದ ಬೇಸಗೆಯಲ್ಲಿ ಅಷ್ಟೊಂದು ನಡೆಯುವುದು ಸಾಧ್ಯವಾಗಿದೆ.

ಹಿಕ್ಕೆಯ ರಸಾಯನವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಸ್ತನಿಗಳು ದೇಹದ ಬೇಡದ ಸಾರಜನಕವನ್ನು ಯೂರಿಯಾ ರೂಪದಲ್ಲಿ ಮೂತ್ರದೊಂದಿಗೆ ಹೊರಹಾಕಿದರೆ, ಹಕ್ಕಿಗಳು ನೀರನ್ನು ಉಳಿಸಿಕೊಳ್ಳುವ ಸಲುವಾಗಿ ಅದನ್ನು ಯೂರಿಕ್ ಆಮ್ಲವೆಂಬ, ನೀರಿನಲ್ಲಿ ಸುಲಭವಾಗಿ ಕರಗದ ಬಿಳಿಯ ಪದಾರ್ಥವಾಗಿಸಿ ಹೊರಹಾಕುತ್ತವೆ. ಹಕ್ಕಿಯ ಹಿಕ್ಕೆಯಲ್ಲಿ ಎದ್ದು ಕಾಣುವ ಬಿಳಿಭಾಗ ಅದೇ. ಕ್ರಿಲ್ ತಿಂದ ಪೆಂಗ್ವಿನ್‌ಗಳ ಹಿಕ್ಕೆಗೆ ಆ ಜೀವಿಯ ಬಣ್ಣ ಸೇರಿ ನಸುಗೆಂಪು ಬರುತ್ತದೆ, ಆ ಕಲೆ ಉಪಗ್ರಹದ ಕಣ್ಣಿಗೂ ಬೀಳುವಷ್ಟು ಹರಡಿರುತ್ತದೆ. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ತುದಿಯಲ್ಲಿರುವ ಡೇಂಜರ್ ದ್ವೀಪಗಳಲ್ಲಿ ಏಳೂವರೆ ಲಕ್ಷ ಜೋಡಿ ಅಡೇಲಿಗಳಿರುವ ಸಂಗತಿಯನ್ನು 2018ರಲ್ಲಿ ಪ್ರಕಟಿಸಿದ ಸಂಶೋಧಕರಿಗೆ ಮೊದಲ ಸುಳಿವು ಸಿಕ್ಕಿದ್ದು ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿನ ಹಿಕ್ಕೆಯ ಕಲೆಯಿಂದ. ನೆಲಕ್ಕೆ ಬಿದ್ದ ಯೂರಿಕ್ ಆಮ್ಲ ತಾನಾಗಿ ಗೊಬ್ಬರವಾಗುವುದಿಲ್ಲ. ಅದನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳು ಹಂತಹಂತವಾಗಿ ಅದನ್ನು ಯೂರಿಯಾಕ್ಕೂ ಕೊನೆಗೆ ಅಮೋನಿಯಾಕ್ಕೂ ಇಳಿಸಿದ ಮೇಲೆಯೇ ಅದರಲ್ಲಿನ ಸಾರಜನಕ ಬೇರೆ ಜೀವಿಗಳ ಬಾಯಿಗೆ ಸಿಗುತ್ತದೆ. ಗೂಡುನೆಲೆಯನ್ನು ಸಮೀಪಿಸುವವರ ಮೂಗಿಗೆ ಬಹಳ ಮುಂಚಿತವಾಗಿಯೇ ಬಡಿಯುವ ಕಟುವಾದ ವಾಸನೆ ಈ ಬ್ಯಾಕ್ಟೀರಿಯಾಗಳ ದುಡಿಮೆಯದು.

ಈ ಸೂಕ್ಷ್ಮಲೋಕದ ಅಧ್ಯಯನಕ್ಕೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1907ರಿಂದ 1909ರವರೆಗೆ ನಡೆದ ಶ್ಯಾಕಲ್ಟನ್ನರ ನಿಮ್ರಾಡ್ ಯಾತ್ರೆಯ ತಂಡ ಕೇಪ್ ರಾಯ್ಡ್ಸಿನಲ್ಲಿ, ಪೆಂಗ್ವಿನ್‌ಗಳ ಗೂಡುನೆಲೆಗೆ ಹತ್ತಿರದಲ್ಲಿಯೇ, ಮರದ ಗುಡಿಸಲು ಕಟ್ಟಿಕೊಂಡು ಚಳಿಗಾಲ ಕಳೆದಾಗ, ಅದರ ಜೀವವಿಜ್ಞಾನಿಯಾಗಿದ್ದ ಜೇಮ್ಸ್ ಮರ್ರೆ ಸುತ್ತಣ ಪುಟ್ಟ ಕೆರೆಗಳ ತಳದಿಂದ ಹೆಪ್ಪುಗಟ್ಟಿದ ಪಾಚಿಯನ್ನು ಅಗೆದು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಬಾಯಿಯ ಸುತ್ತ ಚಕ್ರದಂತೆ ತಿರುಗುವ ರೋಮಗಳಿರುವ ರೋಟಿಫರ್‌ಗಳು, ಎಂಟು ಮೋಟುಕಾಲುಗಳ ಮೇಲೆ ಕರಡಿಯಂತೆ ತೂಗಾಡುತ್ತ ನಡೆಯುವ ಟಾರ್ಡಿಗ್ರೇಡ್ ಅಥವಾ ನೀರುಕರಡಿಗಳು ಅವರ ಮುಂದೆ ಹಿಮ ಕರಗಿದೊಡನೆ ಎದ್ದು ಓಡಾಡಿದವು. ಅವನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ, ಕರಗಿಸಿ, ಅವುಗಳ ಸಹನೆಯ ಎಲ್ಲೆಯನ್ನು ಅಳೆಯಲು ಅವರು ಯತ್ನಿಸಿದರು. ಅಲ್ಲಿನ ಒಂದು ದುಂಡುಹುಳು ಇಂದಿಗೂ ಪ್ಲೆಕ್ಟಸ್ ಮರ್ರೆಯಿ ಎಂದು ಅವರ ಹೆಸರನ್ನು ಹೊತ್ತಿದೆ. ದಕ್ಷಿಣಧ್ರುವದ ಜೀವಿಗಳ ಬಾಳುವಿಕೆಯನ್ನು ಅಷ್ಟು ಅಕ್ಕರೆಯಿಂದ ಗಮನಿಸಿದ ಆ ಮನುಷ್ಯ 1914ರಲ್ಲಿ, ಕಾರ್ಲುಕ್ ಹಡಗಿನ ಯಾತ್ರೆ ನುಚ್ಚುನೂರಾದಾಗ, ಉತ್ತರಧ್ರುವದ ಕಡಲಹಿಮದ ಮೇಲೆ ಕಣ್ಮರೆಯಾದದ್ದು ವಿಷಾದದ ಸಂಗತಿ. ಹಕ್ಕಿಗಳಿಂದ ರೂಪುಗೊಂಡ ಮಣ್ಣಿಗೆ ಪ್ರತ್ಯೇಕ ಹೆಸರು ಬಂದದ್ದು ಬಹಳ ತಡವಾಗಿ: 1959ರಲ್ಲಿ ಸೋವಿಯತ್ ವಿಜ್ಞಾನಿ ಸಿರೊಯೆಚ್ಕೊವ್ಸ್ಕಿ ಅದನ್ನು ಆರ್ನಿಥೋಜೆನಿಕ್ ಮಣ್ಣು ಎಂದು ಕರೆದರು. ಗ್ರೀಕಿನಲ್ಲಿ ಆರ್ನಿಸ್ ಎಂದರೆ ಹಕ್ಕಿ. ಹಕ್ಕಿಯಿಂದ ಹುಟ್ಟಿದ ಮಣ್ಣು ಎಂಬುದು ಆ ಪದದ ಅರ್ಥ.

ಗೊಬ್ಬರ ಬಿದ್ದಲ್ಲೆಲ್ಲ ಜೀವ ಹೆಚ್ಚುತ್ತದೆಯೆಂದು ಊಹಿಸಿಕೊಂಡು ಗೂಡುನೆಲೆಯ ನಟ್ಟನಡುವಿನ ಮಣ್ಣನ್ನು ಪರೀಕ್ಷಿಸಿದವರಿಗೆ ಮೊದಲು ಎದುರಾಗುವುದು ನಿರಾಸೆ. ಅಲ್ಲಿ ಹಾವಸೆಯಿಲ್ಲ, ಕಲ್ಲುಹೂವಿಲ್ಲ, ಸೂಕ್ಷ್ಮಪ್ರಾಣಿಗಳ ಬಗೆಗಳೂ ಬೆರಳೆಣಿಕೆಯಷ್ಟು ಮಾತ್ರ. ಯೂರಿಯಾವನ್ನು ಅಳತೆಮೀರಿ ಸುರಿದರೆ ಪೈರು ಸುಟ್ಟುಹೋಗುವುದನ್ನು ಕಂಡ ಬೇಸಾಯಗಾರರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೋನಿಯಾ ಬಹುತೇಕ ಜೀವಕೋಶಗಳಿಗೆ ವಿಷ. ಅದರೊಡನೆ ಹಿಕ್ಕೆಯ ಉಪ್ಪು ಸೇರಿ ಮಣ್ಣಿನಲ್ಲಿರುವ ನೀರನ್ನೂ ಜೀವಿಗಳು ಹೀರಿಕೊಳ್ಳದಂತೆ ಮಾಡುತ್ತದೆ. ಇವೆರಡರ ಮೇಲೆ ಸಾವಿರಾರು ಪಾದಗಳ ತುಳಿತ. ಆದರೂ ಈ ನೆಲ ನಿರ್ಜೀವವಲ್ಲ. ಬಗೆಗಳು ಕಡಿಮೆಯಾದರೂ ತಲೆಯೆಣಿಕೆ ಅಗಾಧವಾಗಿರುವ ಬ್ಯಾಕ್ಟೀರಿಯಾಗಳು ಇಲ್ಲಿ ತುಂಬಿರುತ್ತವೆ. ಅವುಗಳಲ್ಲಿ ಸೈಕ್ರೋಬ್ಯಾಕ್ಟರ್ ಎಂಬ ಕುಲ ಎದ್ದು ಕಾಣುತ್ತದೆ. ಹೆಸರೇ ಹೇಳುವಂತೆ ಚಳಿಯನ್ನು ಒಲಿದ, ಉಪ್ಪನ್ನೂ ಸಹಿಸುವ ಈ ಜೀವಿಗಳ ಹಲವು ಪ್ರಭೇದಗಳನ್ನು ಅಂಟಾರ್ಕ್ಟಿಕಾದ ಪೆಂಗ್ವಿನ್ ಮಣ್ಣಿನಿಂದಲೇ ಬೇರ್ಪಡಿಸಿ ವಿವರಿಸಲಾಗಿದೆ. ಕೆಲವು ಬ್ಯಾಕ್ಟೀರಿಯಾಗಳು ಹಕ್ಕಿಯ ಕರುಳಿನಿಂದಲೇ ಹಿಕ್ಕೆಯೊಂದಿಗೆ ಇಳಿದು ಬಂದವು; ಅವುಗಳಲ್ಲಿ ಹೆಚ್ಚಿನವು 40 ಡಿಗ್ರಿಗೆ ಹತ್ತಿರದ ಬೆಚ್ಚನೆಯ ಮನೆಯನ್ನು ಬಿಟ್ಟು ಸೊನ್ನೆಯ ಆಸುಪಾಸಿನ ನೆಲಕ್ಕೆ ಬಿದ್ದಾಗ ದುಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಇನ್ನು ಕೆಲವು ಕ್ರಿಲ್ಲಿನ ಹೊರಚಿಪ್ಪಿನಲ್ಲಿರುವ, ಜೀರ್ಣವಾಗದೆ ಉಳಿದ ಕೈಟಿನ್ ಎಂಬ ಗಟ್ಟಿ ಪದಾರ್ಥವನ್ನು ಕರಗಿಸಿ ಬದುಕುತ್ತವೆ.

ಈ ಬ್ಯಾಕ್ಟೀರಿಯಾಗಳನ್ನು ತಿನ್ನಲೆಂದು ಗೂಡುನೆಲೆಯ ತೇವದ ಮಣ್ಣಿಗೆ ಬರುವ ಪ್ರಾಣಿಗಳಲ್ಲಿ ಪನಗ್ರೊಲೈಮಸ್ ಕುಲದ ದುಂಡುಹುಳುವಿನ ಕಥೆಗೆ ಹೆಚ್ಚಿನ ಜಾಗ ಕೊಡುವುದು ನ್ಯಾಯ. ಒಣಕಣಿವೆಗಳ ಉಪ್ಪುನೆಲದಲ್ಲಿ ರಾಜ್ಯವಾಳುವ ಸ್ಕಾಟ್ನೆಮ ಎಂಬ ಹುಳು ಬಡತನಕ್ಕೆ ಒಗ್ಗಿಕೊಂಡದ್ದಾದರೆ ಪನಗ್ರೊಲೈಮಸ್ ಸಿರಿಯನ್ನು ಹುಡುಕಿಕೊಂಡು ಬರುವಂಥದ್ದು. ಹಿಕ್ಕೆ ತಾಗಿದ, ಹಿಮ ಕರಗಿ ತೋಯ್ದ ಮಣ್ಣೇ ಅದಕ್ಕೆ ಇಷ್ಟ. ಆದರೆ ತೇವದ ನೆಲ ಆರಿಸಿಕೊಂಡವರಿಗೆ ಒಂದು ಅಪಾಯ ಕಾದಿರುತ್ತದೆ: ಸೂರ್ಯ ದಿಗಂತದ ಬಳಿಗೆ ಇಳಿದಾಗಲೋ ಮೋಡ ಕವಿದಾಗಲೋ ತಾಪ ಇಳಿದೊಡನೆ ಸುತ್ತಲಿನ ನೀರು ಹೆಪ್ಪುಗಟ್ಟಿ, ಹಿಮದ ಹರಳು ಮೈಯೊಳಕ್ಕೂ ನುಗ್ಗುತ್ತದೆ. ಚಳಿ ಸಹಿಸುವ ಪ್ರಾಣಿಗಳು ಸಾಮಾನ್ಯವಾಗಿ ಜೀವಕೋಶಗಳ ನಡುವಣ ಜಾಗದಲ್ಲಿ ಮಾತ್ರ ಹಿಮ ಕಟ್ಟಲು ಬಿಡುತ್ತವೆ, ಕೋಶದ ಒಳಗೆ ಹಿಮ ಕಟ್ಟಿದರೆ ಸಾವು ಖಂಡಿತ ಎಂಬುದು ಜೀವವಿಜ್ಞಾನದಲ್ಲಿ ಬಹುಕಾಲ ನೆಲೆನಿಂತಿದ್ದ ತಿಳಿವು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ಡೇವಿಡ್ ವಾರ್ಟನ್ ಮತ್ತು ಅವರ ಸಹೋದ್ಯೋಗಿ 1995ರಲ್ಲಿ ಈ ಹುಳು ಕೋಶಗಳ ಒಳಗೇ ಹಿಮ ಕಟ್ಟಿದರೂ ಕರಗಿದ ಮೇಲೆ ಎದ್ದು ಹರಿದಾಡುತ್ತದೆಂದು ತೋರಿಸಿ ಆ ತಿಳಿವನ್ನು ತಿದ್ದಿದರು. ಮುಂದೆ 2013ರಲ್ಲಿ ವಾರ್ಟನ್ನರ ಪ್ರಯೋಗಾಲಯದಿಂದಲೇ ಬಂದ ಇನ್ನೊಂದು ಫಲಿತಾಂಶ ಈ ಲೇಖನದ ವಿಷಯಕ್ಕೆ ಇನ್ನೂ ಹತ್ತಿರದ್ದು: ಹೀಗೆ ಬದುಕಿ ಉಳಿಯುವ ಶಕ್ತಿ ಹುಳು ಹೊಟ್ಟೆತುಂಬ ಉಂಡಿದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ, ಹಸಿದ ಹುಳುಗಳಿಗಿಂತ ಉಂಡ ಹುಳುಗಳು ಹೆಚ್ಚಾಗಿ ಉಳಿಯುತ್ತವೆ. ಕಡಲಿನ ಕ್ರಿಲ್ ಹಕ್ಕಿಯ ಹೊಟ್ಟೆ ಸೇರಿ, ಹಿಕ್ಕೆಯಾಗಿ ಬ್ಯಾಕ್ಟೀರಿಯಾವನ್ನು ಬೆಳೆಸಿ, ಆ ಬ್ಯಾಕ್ಟೀರಿಯಾ ಹುಳುವಿನ ಹೊಟ್ಟೆ ತುಂಬಿಸಿ, ಆ ತುಂಬಿದ ಹೊಟ್ಟೆಯ ಬಲದಿಂದ ಹುಳು ಹಿಮವನ್ನು ಗೆಲ್ಲುತ್ತದೆ ಎಂದರೆ, ಕಡಲು ಮಣ್ಣಿಗೆ ಆಹಾರದ ಜೊತೆಗೆ ಚಳಿಯನ್ನು ತಡೆಯುವ ಕಸುವನ್ನೂ ಕೊಡುತ್ತಿದೆಯೆಂದು ಹೇಳುವುದು ಅತಿಶಯೋಕ್ತಿಯಾಗದು.

ಗೂಡುಗಳಿಂದ ಸ್ವಲ್ಪ ದೂರ ಸರಿದರೆ ದೃಶ್ಯ ಬದಲಾಗುತ್ತದೆ. ಕರಗಿದ ಹಿಮದ ನೀರು ಹಿಕ್ಕೆಯನ್ನು ತೆಳುವಾಗಿಸಿ ಹರಿಸುವ ಇಳಿಜಾರಿನಲ್ಲಿ ಪ್ರಾಸಿಯೋಲಾ ಕ್ರಿಸ್ಪಾ ಎಂಬ ಹಸಿರು ಪಾಚಿ, ಸುಕ್ಕುಗಟ್ಟಿದ ತೆಳು ಹಾಳೆಗಳಂತೆ ನೆಲಕ್ಕೆ ಹಾಸಿಕೊಂಡು ಬೆಳೆಯುತ್ತದೆ. ಹೆಚ್ಚು ಸಾರಜನಕವನ್ನು ಸಹಿಸುವ ಈ ಪಾಚಿ ಎರಡೂ ಧ್ರುವಗಳ ಹಕ್ಕಿನೆಲೆಗಳಲ್ಲಿ ಕಾಣಸಿಗುವುದರಿಂದ, ಅದರ ಹಸಿರು ಕಂಡಲ್ಲಿ ಹತ್ತಿರದಲ್ಲೆಲ್ಲೋ ಗೂಡುಗಳಿವೆ ಎಂದು ಹೇಳಬಹುದಾದಷ್ಟು ನಂಬಿಕೆಯ ಗುರುತು ಅದು. ಹಕ್ಕಿಗಳಿಲ್ಲದ ಕಡೆ ಗಾಳಿಯ ಸಾರಜನಕವನ್ನು ಹಿಡಿಯಬಲ್ಲ ನಾಸ್ಟಾಕ್‌ನಂತಹ ನೀಲಿಹಸಿರು ಸೂಕ್ಷ್ಮಜೀವಿಗಳಿಗೆ ಹೆಚ್ಚಿನ ಬೆಲೆ. ಹಿಕ್ಕೆ ಧಾರಾಳವಾಗಿರುವ ಕಡೆ ಆ ಕಷ್ಟದ ಕೆಲಸ ಬೇಕಾಗುವುದೇ ಇಲ್ಲ, ಆದುದರಿಂದ ಅವುಗಳ ಜಾಗವನ್ನು ಹಸಿರುಪಾಚಿ ಆಕ್ರಮಿಸಿಕೊಳ್ಳುತ್ತದೆ. ಇನ್ನೂ ಆಚೆಗೆ ಹಾವಸೆ, ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ಬಂಧುಗಳಾದ ಬಣ್ಣಬಣ್ಣದ ಕಲ್ಲುಹೂವುಗಳು, ಅವುಗಳ ಆಸರೆಯಲ್ಲಿ ನೀರುಕರಡಿಗಳು, ರೋಟಿಫರ್‌ಗಳು, ನುಸಿಗಳು, ಬಾಲದ ಬಳಿಯ ಕವಲನ್ನು ಬಿಚ್ಚಿ ಚಿಮ್ಮುವ ಸ್ಪ್ರಿಂಗ್‌ಟೇಲ್ ಎಂಬ ಆರುಕಾಲಿನ ಕಿರುಜೀವಿಗಳು ಇರುತ್ತವೆ. ಕೇಪ್ ಬರ್ಡಿನ ಸ್ಪ್ರಿಂಗ್‌ಟೇಲ್ ಹಿಕ್ಕೆ ಹೊದ್ದ ನೆಲದಿಂದ ದೂರವೇ ಉಳಿಯುತ್ತದೆ. ಹೀಗೆ ಗೂಡುನೆಲೆಯ ಸುತ್ತ ಮಣ್ಣಿನ ಜೀವ ಬಳೆಬಳೆಯಾಗಿ ಜೋಡಣೆಗೊಂಡಿದೆ. ನಡುವೆ ಅತಿಸಿರಿಯ ವಿಷ, ದೂರದಲ್ಲಿ ಹಸಿವು, ಇವೆರಡರ ನಡುವಣ ನೆಲದಲ್ಲಿ ಬಾಳು.

ಆ ನಡುನೆಲ ಎಷ್ಟು ಅಗಲ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಗಾಳಿ. ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲವಾದುದರಿಂದ ಅದು ಬಿದ್ದಲ್ಲೇ ಉಳಿಯುವುದಿಲ್ಲ. ಗಾಳಿ ಬೀಸಿದತ್ತ ಸಾಗಿ, ಹಾವಸೆ ಮತ್ತು ಕಲ್ಲುಹೂವುಗಳ ಮೈಗೆ ತಾಗಿ, ಅವುಗಳಿಗೆ ಬೇರಿಲ್ಲದೆಯೇ ಉಣಿಸುತ್ತದೆ. ಈ ಪಯಣವನ್ನು ಪತ್ತೆಹಚ್ಚುವ ಬಗೆಯೂ ಸೊಗಸಾದುದು. ಸಾರಜನಕದ ಪರಮಾಣುಗಳಲ್ಲಿ ಹಗುರವಾದವು ಹೆಚ್ಚು, ತುಸು ಭಾರವಾದವು ವಿರಳ. ಕಡಲ ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಭಾರದ ಪಾಲು ಹೆಚ್ಚುತ್ತ ಹೋಗುತ್ತದೆ, ಹಿಕ್ಕೆಯಿಂದ ಅಮೋನಿಯಾ ಹಾರುವಾಗ ಹಗುರವಾದದ್ದು ಮುಂದಾಗಿ ಹೊರಟು ಭಾರವಾದದ್ದು ಮಣ್ಣಿನಲ್ಲಿ ಇನ್ನಷ್ಟು ಉಳಿದುಬಿಡುತ್ತದೆ. ಆದುದರಿಂದ ಒಂದು ಚಿಟಿಕೆ ಮಣ್ಣನ್ನೋ ಹಾವಸೆಯನ್ನೋ ತೂಗಿನೋಡಿ ಅದರಲ್ಲಿರುವ ಸಾರಜನಕ ಹಕ್ಕಿಯ ಮೂಲದ್ದೇ, ನೆಲದ ಮೇಲೆ ಹರಿದು ಬಂದದ್ದೇ, ಗಾಳಿಯಲ್ಲಿ ಬಂದದ್ದೇ ಎಂದು ಬೇರ್ಪಡಿಸಬಹುದು. ಸ್ಟೆಫ್ ಬೊಖೋರ್ಸ್ಟ್, ಪೀಟರ್ ಕಾನ್ವೇ, ರೀನ್ ಆರ್ಟ್ಸ್ ಎಂಬ ಮೂವರು ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಪ್ರದೇಶದಲ್ಲಿ ಪೆಂಗ್ವಿನ್ ಮತ್ತು ಆನೆಸೀಲ್‌ಗಳ ನೆಲೆಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಪೋಷಣೆಯ ಹೆಜ್ಜೆಗುರುತು ನೆಲೆಯ ಅಂಚಿನಿಂದ ಸಾವಿರ ಮೀಟರಿಗೂ ಆಚೆ ಚಾಚುತ್ತದೆ, ಅದರ ವಿಸ್ತಾರ ನೆಲೆಯ ವಿಸ್ತಾರದ 240 ಪಟ್ಟಿನವರೆಗೂ ಇರಬಹುದು. ಅಂತಹ ಕಡೆಗಳಲ್ಲಿ ಸ್ಪ್ರಿಂಗ್‌ಟೇಲ್ ಮತ್ತು ನುಸಿಗಳ ಸಂಖ್ಯೆಯೂ ಬಗೆಗಳೂ ಎರಡೂ ಹೆಚ್ಚು. ಒಂದು ಗೂಡುನೆಲೆಯನ್ನು ನಕ್ಷೆಯಲ್ಲಿ ಗುರುತಿಸುವಾಗ ಗೂಡುಗಳ ಸುತ್ತ ಗೆರೆ ಎಳೆಯುವ ಪದ್ಧತಿ ಎಷ್ಟು ಅಪೂರ್ಣವೆಂಬುದು ಈ ಒಂದು ಅಂಕಿಯಿಂದ ಗೊತ್ತಾಗುತ್ತದೆ.

ಉತ್ತರಧ್ರುವದ ಕಡೆಗೆ ಹೊರಳಿದರೆ ಹಕ್ಕಿಯ ಊಟ ಮತ್ತು ವಸತಿಯ ರೀತಿಯೂ ಮಣ್ಣಿನ ಭವಿಷ್ಯವನ್ನು ನಿರ್ಧರಿಸುವುದು ಕಾಣುತ್ತದೆ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ಹೋರ್ನ್‌ಸುಂಡ್‌ನಲ್ಲಿ 1957ರಿಂದ ಇರುವ ಪೋಲೆಂಡಿನ ಸಂಶೋಧನಾ ಕೇಂದ್ರದ ಸುತ್ತಮುತ್ತ ಇದನ್ನು ದಶಕಗಳಿಂದ ಗಮನಿಸಲಾಗಿದೆ. ಮೀನು ತಿನ್ನುವ ಕಿಟ್ಟಿವೇಕ್ ಮತ್ತು ಗಿಲ್ಲೆಮಾಟ್ ಹಕ್ಕಿಗಳು ಕಡಲಿಗೆ ಬಾಗಿದ ಕಡಿದಾದ ಬಂಡೆಗೋಡೆಗಳಲ್ಲಿ ಗೂಡು ಮಾಡುವುದರಿಂದ ಅವುಗಳ ಹಿಕ್ಕೆಯಲ್ಲಿ ದೊಡ್ಡ ಪಾಲು ನೇರವಾಗಿ ನೀರಿಗೇ ಮರಳುತ್ತದೆ, ಉಳಿದದ್ದು ಬಂಡೆಯ ಬುಡದ ಕಿರುಪಟ್ಟಿಯಲ್ಲಿ ದಟ್ಟವಾಗಿ ಶೇಖರವಾಗುತ್ತದೆ. ಒಂದು ಹಿಡಿಯಲ್ಲಿ ಹಿಡಿಯಬಹುದಾದಷ್ಟು ಪುಟ್ಟದಾದ ಲಿಟಲ್ ಆಕ್ ಹಕ್ಕಿ ಹಾಗಲ್ಲ. ಕೋಪೆಪಾಡ್ ಎಂಬ ಅಕ್ಕಿಕಾಳಿನಷ್ಟೂ ಇರದ ಕಡಲಜೀವಿಗಳನ್ನು ತಿಂದು ಬದುಕುವ ಅದು ಕಡಲಂಚನ್ನು ಬಿಟ್ಟು ಒಳನಾಡಿನ ಕಲ್ಲುರಾಶಿಯ ಇಳಿಜಾರುಗಳಲ್ಲಿ, ಬಂಡೆಗಳ ಸಂದಿನಲ್ಲಿ ಮೊಟ್ಟೆಯಿಡುತ್ತದೆ. ಹಾರುವ ದಾರಿಯುದ್ದಕ್ಕೂ ಟುಂಡ್ರಾದ ಮೇಲೆ ಹಿಕ್ಕೆ ಉದುರಿಸುತ್ತ ಹೋಗುತ್ತದೆ. ಹಾಗಾಗಿ ಪುಟ್ಟ ಹಕ್ಕಿಯ ಕೆಳಗೆ ವಿಶಾಲವಾದ ಹಸಿರು ಇಳಿಜಾರು ಮೂಡುತ್ತದೆ: ಗೂಡಿನ ಹತ್ತಿರ ಪ್ರಾಸಿಯೋಲಾ, ಕೆಳಗೆ ಹಾವಸೆ, ಹುಲ್ಲು, ಅವುಗಳ ನಡುವೆ ಸ್ಪ್ರಿಂಗ್‌ಟೇಲ್‌ಗಳ ದಟ್ಟಣೆ, ಹುಲ್ಲಿಗೆ ಬರುವ ಹಿಮಸಾರಂಗ ಮತ್ತು ಬಾತುಗಳು. ವಾಯವ್ಯ ಗ್ರೀನ್‌ಲೆಂಡಿನಲ್ಲಿ ಕೋಟಿಗಟ್ಟಲೆ ಲಿಟಲ್ ಆಕ್‌ಗಳು ಇದೇ ಕೆಲಸ ಮಾಡುತ್ತವೆ. ಅಲ್ಲಿನ ಇನುಘುಯಿಟ್ ಜನರಿಗೆ ಅವು ಆಹಾರವೂ ಹೌದು.

ಹಕ್ಕಿ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಧ್ರುವವೃತ್ತಕ್ಕಿಂತ ಸಾಕಷ್ಟು ದಕ್ಷಿಣದ ಅಲ್ಯೂಶಿಯನ್ ದ್ವೀಪಗಳು ಉತ್ತರ ಕೊಟ್ಟಿವೆ. ತುಪ್ಪಳದ ವ್ಯಾಪಾರಿಗಳು ಈ ದ್ವೀಪಗಳಲ್ಲಿ ಹಲವಕ್ಕೆ ನರಿಗಳನ್ನು ತಂದುಬಿಟ್ಟರು, ನರಿಗಳು ಕಡಲಹಕ್ಕಿಗಳನ್ನು ತಿಂದು ಮುಗಿಸಿದವು. ನರಿಯಿರುವ ಮತ್ತು ನರಿಯಿಲ್ಲದ ದ್ವೀಪಗಳನ್ನು ಹೋಲಿಸಿ ಡಾನ್ ಕ್ರೋಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನರಿಯಿಲ್ಲದ ದ್ವೀಪದ ನೆಲಕ್ಕೆ ವರ್ಷಕ್ಕೆ ಬೀಳುವ ಹಿಕ್ಕೆ ಇನ್ನೊಂದರದ್ದಕ್ಕಿಂತ ಅರವತ್ತು ಪಟ್ಟಿಗೂ ಹೆಚ್ಚು. ಅದು ನಿಂತುಹೋದ ದ್ವೀಪಗಳಲ್ಲಿ ಹುಲ್ಲುಗಾವಲು ಸೊರಗಿ ಕುರುಚಲು ಟುಂಡ್ರಾ ಆಗಿತ್ತು. ನರಿ ಹುಲ್ಲನ್ನು ಮುಟ್ಟಿರಲಿಲ್ಲ.

ಆದರೂ ಮಣ್ಣು ಹಕ್ಕಿಯನ್ನು ಕೂಡಲೇ ಮರೆಯುವುದಿಲ್ಲ. ಗೂಡುನೆಲೆ ತೊರೆದ ಮೇಲೆ ಯೂರಿಕ್ ಆಮ್ಲ ಬಹುಬೇಗ ತೀರಿಹೋಗುತ್ತದೆ, ಅಮೋನಿಯಾ ಹಾರಿಯೂ ನೈಟ್ರೇಟ್ ಆಗಿಯೂ ಕಡಿಮೆಯಾಗುತ್ತದೆ, ಸೈಕ್ರೋಬ್ಯಾಕ್ಟರಿನಂತಹ ತಾಜಾ ಹಿಕ್ಕೆಯ ಜೀವಿಗಳು ಹಿಂದೆ ಸರಿದು ನಿಧಾನದ ಬದುಕಿನ ಬೇರೆ ಬ್ಯಾಕ್ಟೀರಿಯಾಗಳು ಮುಂದೆ ಬರುತ್ತವೆ. ರಂಜಕ ಮಾತ್ರ ಉಳಿಯುತ್ತದೆ. ಪೋಲೆಂಡಿನ ವಿಜ್ಞಾನಿ ಆಂಜೆ ಟಾಟುರ್ ಕಿಂಗ್ ಜಾರ್ಜ್ ದ್ವೀಪದಲ್ಲಿ ವಿವರಿಸಿದಂತೆ, ಹಿಕ್ಕೆಯ ರಂಜಕ ಕೆಳಗಿಳಿದು ಬಂಡೆಯ ಖನಿಜಗಳೊಡನೆ ಕೂಡಿ ಹೊಸ ಫಾಸ್ಫೇಟ್ ಖನಿಜಗಳನ್ನೇ ಉಂಟುಮಾಡುತ್ತದೆ. ತುಳಿತವೂ ವಿಷವೂ ಇಲ್ಲವಾದ, ಆದರೆ ಗೊಬ್ಬರದ ಗಂಟು ಉಳಿದಿರುವ ಇಂತಹ ಹಳೆಯ ನೆಲೆಗಳಲ್ಲಿ ಹಾವಸೆ ಮತ್ತು ಕಲ್ಲುಹೂವುಗಳು ಸಮೃದ್ಧವಾಗಿ ನೆಲೆಯೂರುತ್ತವೆ, ಅಂಟಾರ್ಕ್ಟಿಕಾದ ಎರಡೇ ಎರಡು ಹೂಬಿಡುವ ಸಸ್ಯಗಳೂ ಅಲ್ಲಿ ಬೇರುಬಿಡುವುದುಂಟು. ರಾಸ್ ಸಮುದ್ರದ ತೀರದಲ್ಲಿ ಅಡೇಲಿಗಳು 45,000 ವರ್ಷಗಳ ಹಿಂದೆಯೇ ನೆಲೆಸಿದ್ದವೆಂಬುದಕ್ಕೆ ಇಂತಹ ತೊರೆದ ನೆಲೆಗಳ ಮೂಳೆ, ಮೊಟ್ಟೆಚಿಪ್ಪುಗಳೇ ಸಾಕ್ಷಿ. ಚೀನಾದ ಸುನ್ ಲಿಗುವಾಂಗ್ ಮತ್ತು ಸಂಗಡಿಗರು ಆರ್ಡ್ಲೀ ದ್ವೀಪದ ಕೆರೆಯೊಂದರ ಹೂಳಿನಲ್ಲಿ ಹಿಕ್ಕೆಯ ಮೂಲಧಾತುಗಳನ್ನು ಪದರಪದರವಾಗಿ ಅಳೆದು, 3,000 ವರ್ಷಗಳಲ್ಲಿ ಅಲ್ಲಿನ ಪೆಂಗ್ವಿನ್ ಸಂಖ್ಯೆ ಹೇಗೆ ಏರಿಳಿಯಿತೆಂಬ ಚರಿತ್ರೆಯನ್ನು 2000ದಲ್ಲಿ ಪ್ರಕಟಿಸಿದರು.

ಪೆಂಗ್ವಿನ್‌ಗಳು ಕಾಲಿಡದ ಒಳನಾಡಿಗೂ ಕಡಲು ಹೋಗುವುದು ಹಿಮಪೆಟ್ರೆಲ್ ಎಂಬ ಅಚ್ಚಬಿಳಿಯ ಹಕ್ಕಿಯ ರೆಕ್ಕೆಯ ಮೇಲೆ. ಕರಾವಳಿಯಿಂದ ನೂರಾರು ಕಿಲೋಮೀಟರ್ ಒಳಗೆ, ಹಿಮದಿಂದ ಮೂತಿ ಹೊರಚಾಚಿದ ಬೆಟ್ಟದ ಶಿಖರಗಳ ಬಿರುಕುಗಳಲ್ಲಿ ಗೂಡು ಮಾಡುವ ಈ ಹಕ್ಕಿ ವೈರಿಯನ್ನು ಅಟ್ಟಲು ಜಠರದ ಎಣ್ಣೆಯನ್ನು ಉಗುಳುತ್ತದೆ. ಆ ಎಣ್ಣೆ ಗೂಡಿನ ಬಾಯಲ್ಲಿ ಪದರಗಟ್ಟಿ ಮುಮಿಯೋ ಎಂದು ಕರೆಯಲ್ಪಡುವ ಮೇಣದಂತಹ ಗಟ್ಟಿಪದಾರ್ಥವಾಗುತ್ತದೆ. ಭಾರತದ ಮೈತ್ರಿ ಕೇಂದ್ರವಿರುವ ಶಿರ್ಮಾಕರ್ ಓಯಸಿಸ್ ಪ್ರದೇಶದಲ್ಲಿಯೂ ಅಂತಹ ಸಾವಿರಾರು ವರ್ಷ ಹಳೆಯ ಪದರಗಳು ದೊರೆತಿವೆ. ಜಪಾನಿನ ಶೋವಾ ಕೇಂದ್ರಕ್ಕೆ ಹತ್ತಿರದ ಒಂದು ಕಣಿವೆಗೆ ಈ ಹಕ್ಕಿಯ ಹೆಸರನ್ನೇ ಇಟ್ಟು ಯುಕಿದೋರಿ ಕಣಿವೆ ಎಂದು ಕರೆದಿದ್ದಾರೆ. 1983ರಲ್ಲಿ ಅಲ್ಲಿಂದ ತಂದ ಹಾವಸೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇರಿಸಿ, 2014ರಲ್ಲಿ ಕರಗಿಸಿದಾಗ ಅದರೊಳಗಿದ್ದ ಅಕ್ಯುಟುಂಕಸ್ ಎಂಬ ಎರಡು ನೀರುಕರಡಿಗಳು ಕಾಲಾಡಿಸಿದವು, ಜೊತೆಗಿದ್ದ ಒಂದು ಮೊಟ್ಟೆಯೂ ಒಡೆದು ಮರಿಯಾಯಿತು. ಎದ್ದ ಎರಡರಲ್ಲಿ ಒಂದು ಮುಂದೆ ಮೊಟ್ಟೆಗಳನ್ನೂ ಇಟ್ಟಿತು.

ನೆಲಕ್ಕೆ ಬಂದದ್ದೆಲ್ಲ ನೆಲದಲ್ಲೇ ನಿಲ್ಲುವುದಿಲ್ಲವೆಂಬುದನ್ನೂ ಹೇಳಬೇಕು. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಸಾರಜನಕವನ್ನು ರೂಪಾಂತರಿಸುವಾಗ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಹೊರಬೀಳುತ್ತದೆ. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲ. ದಕ್ಷಿಣ ಜಾರ್ಜಿಯಾದ ರಾಜ ಪೆಂಗ್ವಿನ್‌ಗಳ ನೆಲೆಯಲ್ಲಿ ಅದರ ಮಟ್ಟ ಬಹಳ ಹೆಚ್ಚಿರುವುದನ್ನು ಡೆನ್ಮಾರ್ಕಿನ ಸಂಶೋಧಕರು 2020ರಲ್ಲಿ ವರದಿ ಮಾಡಿದರು. ಇನ್ನೊಂದು ದಿಕ್ಕಿನಲ್ಲಿ, ಅರ್ಜೆಂಟೀನಾದ ಮರಾಂಬಿಯೋ ಕೇಂದ್ರದಲ್ಲಿ ನಡೆದ ಮಾಪನ 2025ರಲ್ಲಿ ಪ್ರಕಟವಾಗಿ, ಎಂಟು ಕಿಲೋಮೀಟರ್ ದೂರದ 60,000 ಅಡೇಲಿಗಳ ನೆಲೆಯಿಂದ ಗಾಳಿ ಬೀಸಿದಾಗ ಅಮೋನಿಯಾ ಸಾಮಾನ್ಯ ಮಟ್ಟಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಏರುತ್ತದೆಂದೂ, ಮೋಡದ ಹನಿ ಕಟ್ಟಲು ಬೇಕಾದ ಸೂಕ್ಷ್ಮಕಣಗಳ ಹುಟ್ಟನ್ನು ಅದು ಚುರುಕುಗೊಳಿಸುತ್ತದೆಂದೂ ತೋರಿಸಿತು. ಹಕ್ಕಿಗಳು ಹೊರಟುಹೋಗಿ ಒಂದು ತಿಂಗಳಾದ ಮೇಲೆಯೂ ಮಣ್ಣಿನಿಂದ ಅಮೋನಿಯಾ ಏಳುತ್ತಲೇ ಇತ್ತು, ಅಂದರೆ ಬ್ಯಾಕ್ಟೀರಿಯಾಗಳು ಬೇಸಗೆಯ ಉಳಿಕೆಯನ್ನು ಇನ್ನೂ ಅರೆಯುತ್ತಿದ್ದವು.

ಇಷ್ಟು ದೂರ ಚಾಚಿದ ಹೆಣಿಗೆಯ ಒಂದು ತುದಿಯಲ್ಲಿ ಈಗ ಎಳೆಗಳು ಬಿಚ್ಚಿಕೊಳ್ಳುತ್ತಿರುವುದು ಆತಂಕದ ವಿಷಯ. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಪಶ್ಚಿಮ ದಂಡೆಯಲ್ಲಿ ಕಡಲಹಿಮ ಕುಗ್ಗಿದಂತೆ ಅಮೆರಿಕದ ಪಾಮರ್ ಕೇಂದ್ರದ ಸುತ್ತಣ ಅಡೇಲಿಗಳ ಸಂಖ್ಯೆ 1970ರ ದಶಕದಿಂದೀಚೆಗೆ ಶೇಕಡಾ 80ಕ್ಕಿಂತಲೂ ಹೆಚ್ಚು ಇಳಿದಿದೆ; ಲಿಚ್‌ಫೀಲ್ಡ್ ದ್ವೀಪದಲ್ಲಿ ನೂರಾರು ಜೋಡಿಗಳಿದ್ದ ನೆಲೆ 2007ರ ವೇಳೆಗೆ ಸಂಪೂರ್ಣ ಬರಿದಾಯಿತು. 2023ರ ಅಕ್ಟೋಬರಿನಲ್ಲಿ ದಕ್ಷಿಣ ಜಾರ್ಜಿಯಾಕ್ಕೆ ಬಂದ ಎಚ್5ಎನ್1 ಹಕ್ಕಿಜ್ವರ 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಮುಖ್ಯ ಭೂಭಾಗದ ಸ್ಕೂವಾ ಹಕ್ಕಿಗಳಲ್ಲಿಯೂ ಪತ್ತೆಯಾಯಿತು. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಬಿದ್ದ ಪರಿಸರ ಒಡಂಬಡಿಕೆಯ ಅಡಿಯಲ್ಲಿ ಕೇಪ್ ರಾಯ್ಡ್ಸ್, ಕೇಪ್ ಕ್ರೋಜಿಯರ್ ಮೊದಲಾದ ನೆಲೆಗಳಿಗೆ ವಿಶೇಷ ರಕ್ಷಣೆ ದೊರೆತಿರುವುದು ಸಮಾಧಾನದ ಸಂಗತಿಯೇ; ಆದರೆ ಹಕ್ಕಿಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಗಾಳಿ ಬೀಸುವ ದಿಕ್ಕಿನ ಆ ಸಾವಿರ ಮೀಟರುಗಳ ಮಣ್ಣನ್ನೂ ಎಣಿಕೆಗೆ ತಂದುಕೊಳ್ಳುವ ಕ್ರಮ ಇನ್ನೂ ಬೇರೂರಬೇಕಾಗಿದೆ. ಗೊಬ್ಬರ ಬಿದ್ದ ನೆಲ ಹೊರಗಿನಿಂದ ಬರುವ ಕಳೆಗೂ ಕೀಟಕ್ಕೂ ಒಳ್ಳೆಯ ಆಸರೆಯಾದುದರಿಂದ, ಬೂಟಿಗೆ ಅಂಟಿದ ಒಂದು ಬೀಜ ಬೀಳಬಾರದ ಜಾಗವೆಂದರೆ ಮೊದಲು ಅದೇ.

ಕರಾವಳಿಯಿಂದ ಸುಮಾರು 200 ಕಿಲೋಮೀಟರ್ ಒಳಗಿರುವ ಸ್ವಾರ್ಟ್‌ಹಮಾರೆನ್ ಬೆಟ್ಟದ ಇಳಿಜಾರು ಅಂಟಾರ್ಕ್ಟಿಕ್ ಪೆಟ್ರೆಲ್‌ಗಳ ಅತಿದೊಡ್ಡ ನೆಲೆಗಳಲ್ಲೊಂದು. ಸುತ್ತಲೂ ಹಿಮದ ಹೊರತು ಬೇರೇನೂ ಇಲ್ಲದ ಆ ಇಳಿಜಾರಿನ ಮಣ್ಣಿಗೆ ಹಕ್ಕಿಯ ಕೊಡುಗೆಯೇ ಮುಖ್ಯ ಪೋಷಣೆ. 1985ರಿಂದ 2020ರವರೆಗಿನ ಎಣಿಕೆಗಳಲ್ಲಿ ಅಲ್ಲಿ ವರ್ಷಕ್ಕೆ 20,000ದಿಂದ 2 ಲಕ್ಷದವರೆಗೆ ಗೂಡುಗಳಿರುತ್ತಿದ್ದವು. 2021ರ ಡಿಸೆಂಬರಿನಿಂದ 2022ರ ಜನವರಿಯವರೆಗಿನ ಬೇಸಗೆಯಲ್ಲಿ ಬಿಡದೆ ಬೀಸಿದ ಹಿಮಬಿರುಗಾಳಿ ಗೂಡಿನ ನೆಲವನ್ನೆಲ್ಲ ಮುಚ್ಚಿತು. ಮರಿಮಾಡುತ್ತಿದ್ದ ಪೆಟ್ರೆಲ್‌ಗಳನ್ನು ನಾರ್ವೆಯ ಸಂಶೋಧಕರು ಹುಡುಕಿದಾಗ ಕಂಡವು ಮೂರು. ಹಿಮದ ಆ ಹೊದಿಕೆಯ ಕೆಳಗೆ, ಕಡಲಿನಿಂದ ಬರಬೇಕಾಗಿದ್ದ ಆ ವರ್ಷದ ಪಾಲು ಬಾರದ ಮಣ್ಣಿನಲ್ಲಿ, ಕಣ್ಣಿಗೆ ಕಾಣದ ಹುಳುಗಳೂ ನುಸಿಗಳೂ ಹಳೆಯ ಬೇಸಗೆಗಳ ಉಳಿಕೆಯನ್ನೇ ನೆಚ್ಚಿಕೊಂಡು ಇರಬೇಕಾಯಿತು.